ಮೇ ತಿಂಗಳಲ್ಲಿ ಹಿಮದ ಮುನ್ಸೂಚನೆ ಬಂದರೆ: ಹಿಮಾಲಯಕ್ಕೆ ಹೊರಟವರಿಗೆ ಹಂತ ಹಂತದ ಮಾರ್ಗದರ್ಶಿ

ಟಿಕೆಟ್ ಆಗಿದೆ, ರಜೆ ಸಿಕ್ಕಿದೆ, ಮಕ್ಕಳು ಬ್ಯಾಗ್ ತುಂಬಿಸಿ ಕೂತಿದ್ದಾರೆ. ಹೊರಡೋಕೆ ಮೂರೇ ದಿನ ಇರುವಾಗ ಮೇಲೆ ಭಾರಿ ಹಿಮ ಬೀಳಲಿದೆ ಅಂತ ಸುದ್ದಿ ಬರುತ್ತದೆ. ಮೇ ತಿಂಗಳಲ್ಲಿ ಹಿಮನಾ? ಹೋಗೋದಾ, ಬಿಡೋದಾ? ಪ್ರತಿ ಬೇಸಿಗೆಯಲ್ಲೂ ಓದುಗರು ಇದೇ ಪ್ರಶ್ನೆ ಕೇಳುತ್ತಾರೆ. ಮನಾಲಿಗೆ ಹೊರಟವರು, ಕೇದಾರಕ್ಕೆ ಹೊರಟ ಹಿರಿಯರು, ಚಾರಣಕ್ಕೆ ಹೆಸರು ಕೊಟ್ಟ ಹುಡುಗರು, ಎಲ್ಲರದ್ದೂ ಒಂದೇ ಗೊಂದಲ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ, ಕರ್ನಾಟಕದಿಂದ ಹೋಗಿದ್ದ ಚಾರಣ ತಂಡವೊಂದು ಹಿಮಗಾಳಿಗೆ ಸಿಕ್ಕಿತು. 9 ಮಂದಿ ಮನೆಗೆ ವಾಪಸ್ ಬರಲಿಲ್ಲ. ಅದು ಡಿಸೆಂಬರ್ ಅಲ್ಲ, ಜನವರಿ ಅಲ್ಲ, ಜೂನ್.

ಹೆದರಿಸೋಕೆ ಹೇಳುತ್ತಿಲ್ಲ. ಕಾಲ ತಪ್ಪಿ ಬರುವ ಹಿಮ ಎಷ್ಟೋ ಸಲ ಎರಡು ದಿನ ಕಾಟ ಕೊಟ್ಟು ಹೋಗಿಬಿಡುತ್ತದೆ. ಆ ಎರಡು ದಿನ ನೀವು ಎಷ್ಟು ಎತ್ತರದಲ್ಲಿ ಇರುತ್ತೀರಿ, ಮೈ ಒಣಗಿದೆಯೋ ನೆನೆದಿದೆಯೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಶುರು ಮಾಡುವ ಮೊದಲು ಇಷ್ಟು ಕೈಗೆ ತೆಗೆದುಕೊಳ್ಳಿ: ನಿಮ್ಮ ಪ್ರವಾಸದ ದಿನವಾರು ಪಟ್ಟಿ, ಪ್ರತಿ ರಾತ್ರಿ ತಂಗುವ ಊರಿನ ಎತ್ತರ, ದಾಟಬೇಕಾದ ಅತಿ ಎತ್ತರದ ಜಾಗದ ಹೆಸರು, ಒಂದು ಪೆನ್ನು. ಪೆನ್ನು ಬೇಕೇ ಬೇಕು, ಸ್ವಲ್ಪ ಲೆಕ್ಕ ಹಾಕೋದಿದೆ.

ಹಂತ 1: ಬೇಸಿಗೆಯಲ್ಲಿ ಹಿಮ ಯಾಕೆ ಬರುತ್ತದೆ, ತಿಳಿದುಕೊಳ್ಳಿ

ಸುದ್ದಿಯಲ್ಲಿ "ವೆಸ್ಟರ್ನ್ ಡಿಸ್ಟರ್ಬೆನ್ಸ್" ಅಂತ ಕೇಳಿರುತ್ತೀರಿ. ಇದು ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿ, ಎತ್ತರದಲ್ಲಿ ಬೀಸುವ ಪಡುವಣ ಗಾಳಿಯ ಜೊತೆ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುವ ಮಳೆ-ಹಿಮದ ವ್ಯವಸ್ಥೆ. ನಮ್ಮ ಮುಂಗಾರಿಗೂ ಇದಕ್ಕೂ ಸಂಬಂಧವಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಂದರ ಹಿಂದೊಂದು ಬರುತ್ತವೆ. ಏಪ್ರಿಲ್, ಮೇ ಹೊತ್ತಿಗೆ ಆ ಗಾಳಿಯ ದಾರಿ ಉತ್ತರಕ್ಕೆ ಸರಿಯುವುದರಿಂದ ಕಡಿಮೆಯಾಗುತ್ತವೆ. ಕಡಿಮೆಯಾಗುತ್ತವೆ ಅಷ್ಟೇ, ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಬರುವ ಹಿಮದ ಗುಣ ಬೇರೆ. ಜನವರಿಯ ಹಿಮ ಒಣ ಹಿಟ್ಟಿನ ಥರ, ಜಾಕೆಟ್ ಮೇಲೆ ಬಿದ್ದರೆ ಕೊಡವಿದರೆ ಹೋಗುತ್ತದೆ. ಮೇ ತಿಂಗಳ ಹಿಮ ಒದ್ದೆ. ಚಕ್ಕೆಗಳು ದೊಡ್ಡದಾಗಿ, ಒಂದಕ್ಕೊಂದು ಅಂಟಿಕೊಂಡು ಬೀಳುತ್ತವೆ. ತೋಳಿನ ಮೇಲೆ ಬಿದ್ದ ಒಂದು ಚಕ್ಕೆಯನ್ನೇ ನೋಡಿ: ಬಿಳಿ ಮೊದಲು ಗಾಜಿನ ಥರ ಆಗುತ್ತದೆ, ಆಮೇಲೆ ಹನಿ, ಆಮೇಲೆ ಬಟ್ಟೆಯಲ್ಲಿ ಕಪ್ಪು ಚುಕ್ಕೆ. ಹತ್ತು ನಿಮಿಷದಲ್ಲಿ ತೋಳು ಪೂರ್ತಿ ನೆನೆದಿರುತ್ತದೆ. ಗಾಳಿಗಿಂತ ನೀರು ಸುಮಾರು 24 ಪಟ್ಟು ಬೇಗ ಶಾಖ ಸಾಗಿಸುತ್ತದೆ. ಮೈನಸ್ 10 ಡಿಗ್ರಿಯಲ್ಲಿ ಒಣಗಿರುವ ಮನುಷ್ಯನಿಗಿಂತ, ಸೊನ್ನೆ ಡಿಗ್ರಿಯಲ್ಲಿ ನೆನೆದು ಗಾಳಿಗೆ ನಿಂತವನಿಗೆ ಅಪಾಯ ಜಾಸ್ತಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ತೂಕವೂ ಜಾಸ್ತಿ. 10 ಸೆಂಟಿಮೀಟರ್ ಒಣ ಹಿಮ ಒಂದು ಚದರ ಮೀಟರಿಗೆ ಸುಮಾರು 10 ಕಿಲೋ ಭಾರ. ಅಷ್ಟೇ ಒದ್ದೆ ಹಿಮ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಟೆಂಟ್ ಕುಸಿಯುವುದು, ವಿದ್ಯುತ್ ತಂತಿ ಹರಿಯುವುದು, ಕೊಂಬೆ ಮುರಿದು ರಸ್ತೆಗೆ ಬೀಳುವುದು ಇದರಿಂದಲೇ. ಹಿಮಾಚಲದಲ್ಲಿ ಏಪ್ರಿಲ್ ಅಂದರೆ ಸೇಬಿನ ಮರ ಹೂ ಬಿಟ್ಟಿರುವ ಕಾಲ. ನಮಗೆ ಫೋಟೋ ತೆಗೆಯುವ ಖುಷಿ ಕೊಡುವ ಆ ಹಿಮ, ನೀವು ಉಳಿದುಕೊಂಡ ಮನೆಯವರ ವರ್ಷದ ಬೆಳೆಯನ್ನು ಒಂದೇ ರಾತ್ರಿಯಲ್ಲಿ ನೆಲಕ್ಕೆ ಹಾಕಬಹುದು. ಬೆಳಗ್ಗೆ ಅವರು ಕೋಲು ಹಿಡಿದು ತೋಟಕ್ಕೆ ಓಡಿ ಕೊಂಬೆ ಕೊಡವುತ್ತಿದ್ದರೆ, ತಿಂಡಿ ತಡ ಆಯ್ತು ಅಂತ ಕೇಳಬೇಡಿ, ದಯವಿಟ್ಟು.

ಹಂತ 2: ಮುನ್ಸೂಚನೆಯನ್ನು ಸರಿಯಾದ ಜಾಗದಲ್ಲಿ ಓದಿ

ಜನ ಮಾಡುವ ಮೊದಲ ತಪ್ಪು ಇಲ್ಲೇ. ಫೋನಿನಲ್ಲಿ ಬರುವ ಹವಾಮಾನ ಆ್ಯಪ್ ತೆರೆದು, ಊರಿನ ಹೆಸರು ಟೈಪ್ ಮಾಡಿ, ಮೋಡದ ಚಿತ್ರ ನೋಡಿ ತೀರ್ಮಾನ ಮಾಡುತ್ತಾರೆ. ಬಯಲು ಸೀಮೆಗೆ ಅದು ಸಾಕಾಗಬಹುದು. ಬೆಟ್ಟಕ್ಕೆ ಸಾಲದು.

ಕಾರಣ ಸರಳ. ಕಂಪ್ಯೂಟರ್ ಮಾದರಿಗಳು ನೆಲವನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಹೆಸರಾಂತ ಯುರೋಪಿನ ಮಾದರಿಯಲ್ಲಿ ಒಂದು ಚೌಕ ಸುಮಾರು 9 ಕಿಲೋಮೀಟರ್ ಅಗಲ. ಹಿಮಾಲಯದಲ್ಲಿ 9 ಕಿಲೋಮೀಟರ್ ಒಳಗೆ ಒಂದು ನದಿ, ಒಂದು ಊರು, ಎರಡು ಶಿಖರ ಬಂದುಹೋಗುತ್ತವೆ. ಮಾದರಿ ಇವೆಲ್ಲಕ್ಕೂ ಸೇರಿಸಿ ಒಂದೇ ಎತ್ತರ ಹಿಡಿಯುತ್ತದೆ. ಹಾಗಾಗಿ ಆ್ಯಪ್ ತೋರಿಸುವ "3 ಡಿಗ್ರಿ" ಯಾವ ಎತ್ತರದ್ದು ಅಂತ ನಿಮಗೆ ಗೊತ್ತಾಗುವುದಿಲ್ಲ.

ಹಾಗಾದರೆ ಎಲ್ಲಿ ನೋಡಬೇಕು? ಭಾರತೀಯ ಹವಾಮಾನ ಇಲಾಖೆಗೆ ಆಯಾ ರಾಜ್ಯದಲ್ಲೇ ಕೇಂದ್ರಗಳಿವೆ. ಹಿಮಾಚಲಕ್ಕೆ ಶಿಮ್ಲಾ, ಉತ್ತರಾಖಂಡಕ್ಕೆ ಡೆಹ್ರಾಡೂನ್, ಕಾಶ್ಮೀರಕ್ಕೆ ಶ್ರೀನಗರ, ಲಡಾಖ್‌ಗೆ ಲೇಹ್, ಸಿಕ್ಕಿಂಗೆ ಗ್ಯಾಂಗ್‌ಟಾಕ್. ಆ ಕೇಂದ್ರದ ಪುಟದಲ್ಲಿ ಜಿಲ್ಲಾವಾರು ಎಚ್ಚರಿಕೆ ಸಿಗುತ್ತದೆ. ಇಲಾಖೆಯದ್ದೇ "ಮೌಸಮ್" ಆ್ಯಪ್ ಇದೆ. ವಿಪತ್ತು ನಿರ್ವಹಣಾ ಪ್ರಾಧಿಕಾರದ "ಸಚೇತ್" ಆ್ಯಪ್ ಹಾಕಿಕೊಂಡರೆ ನೀವಿರುವ ಜಾಗದ ಎಚ್ಚರಿಕೆ ತಾನಾಗಿ ಬರುತ್ತದೆ.

ಬಣ್ಣಗಳ ಅರ್ಥ ಹೀಗೆ:

- ಹಸಿರು: ಎಚ್ಚರಿಕೆ ಏನೂ ಇಲ್ಲ.
- ಹಳದಿ: ಗಮನ ಇಟ್ಟಿರಿ, ಬದಲಾವಣೆ ನೋಡುತ್ತಿರಿ.
- ಕಿತ್ತಳೆ: ಸಿದ್ಧರಾಗಿ. ರಸ್ತೆ, ವಿದ್ಯುತ್, ಓಡಾಟ ಕೆಡಬಹುದು.
- ಕೆಂಪು: ಈಗಲೇ ಕ್ರಮ ತೆಗೆದುಕೊಳ್ಳಿ.

ಹಳದಿ ಅಂದರೆ "ಏನೂ ಆಗಲ್ಲ" ಅಂತ ಓದುವವರು ತುಂಬಾ ಜನ. ಇಡೀ ಜಿಲ್ಲೆಗೆ ಒಂದೇ ಬಣ್ಣ ಕೊಡುತ್ತಾರೆ ಅನ್ನುವುದು ಮರೆತುಹೋಗುತ್ತದೆ. 1,200 ಮೀಟರಿನ ಪೇಟೆಗೂ 4,000 ಮೀಟರಿನ ಘಾಟಿಗೂ ಅದೇ ಹಳದಿ. ಕೆಳಗೆ ಅದು ತುಂತುರು ಮಳೆ, ಮೇಲೆ ಮೊಣಕಾಲುದ್ದ ಹಿಮ.

ಇನ್ನು ಕೆಲವು ಪದಗಳು. ಪ್ರಕಟಣೆಯಲ್ಲಿ "ಐಸೊಲೇಟೆಡ್" ಅಂದರೆ ಆ ಪ್ರದೇಶದ ನಾಲ್ಕರಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಕಡೆ ಬೀಳಬಹುದು ಅಂತ. "ಸ್ಕ್ಯಾಟರ್ಡ್" ಅಂದರೆ ಅರ್ಧದವರೆಗೆ. "ಫೇರ್ಲಿ ವೈಡ್‌ಸ್ಪ್ರೆಡ್" ಅಂದರೆ ಮುಕ್ಕಾಲು ಭಾಗದವರೆಗೆ. ಬರೀ "ವೈಡ್‌ಸ್ಪ್ರೆಡ್" ಅಂತ ಬರೆದಿದ್ದರೆ ಹೆಚ್ಚುಕಡಿಮೆ ಎಲ್ಲ ಕಡೆ. ಈ ಪದಗಳು ಎಷ್ಟು ಜಾಗದಲ್ಲಿ ಅಂತ ಹೇಳುತ್ತವೆ, ಎಷ್ಟು ಜೋರು ಅಂತ ಅಲ್ಲ. "ಐಸೊಲೇಟೆಡ್ ಹೆವಿ" ಅಂದರೆ ಕೆಲವೇ ಕಡೆ, ಆದರೆ ಅಲ್ಲಿ ಭಾರಿ.

ದಿನದ ಲೆಕ್ಕದಲ್ಲೂ ಎಡವುತ್ತಾರೆ. ಹವಾಮಾನ ಇಲಾಖೆಯ ದಿನ ರಾತ್ರಿ 12ಕ್ಕೆ ಬದಲಾಗುವುದಿಲ್ಲ, ಬೆಳಗ್ಗೆ 8:30ಕ್ಕೆ ಬದಲಾಗುತ್ತದೆ. 14ನೇ ತಾರೀಖಿನ ಎಚ್ಚರಿಕೆ 15ರ ಬೆಳಗ್ಗೆ 8:30ರವರೆಗೆ ಓಡುತ್ತದೆ. "15ಕ್ಕೆ ಹಸಿರು ಇದೆ" ಅಂತ ಅವತ್ತು ಬೆಳಗಿನ ಜಾವ 4ಕ್ಕೆ ಹೊರಟರೆ, ನೀವು ಇನ್ನೂ 14ರ ಎಚ್ಚರಿಕೆಯ ಒಳಗೇ ಇರುತ್ತೀರಿ.

ಹೋಗುವ ದಾರಿಯ ಎಲ್ಲ ಜಿಲ್ಲೆಗಳನ್ನೂ ನೋಡಿ. ಮನಾಲಿ ಇರುವುದು ಕುಲ್ಲು ಜಿಲ್ಲೆಯಲ್ಲಿ. ಅಟಲ್ ಸುರಂಗ ದಾಟಿದರೆ ಲಾಹೌಲ್-ಸ್ಪಿತಿ. ಸರ್ಚು ಆದಮೇಲೆ ಲಡಾಖ್. ಒಂದೇ ರಸ್ತೆ, ಮೂರು ಕಡೆ ಎಚ್ಚರಿಕೆ.

ಹಂತ 3: ಎತ್ತರದ ಲೆಕ್ಕ ನೀವೇ ಹಾಕಿ

ಈಗ ಪೆನ್ನು ತೆಗೆಯಿರಿ. ಕಷ್ಟದ ಲೆಕ್ಕ ಏನಲ್ಲ.

ಮೋಡ ಕವಿದ ಮಳೆಯ ದಿನ ಪ್ರತಿ 1,000 ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಕಡಿಮೆಯಾಗುತ್ತದೆ ಅಂತ ಇಟ್ಟುಕೊಳ್ಳಿ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮಳೆ ಬೀಳುತ್ತಿದೆ, 8 ಡಿಗ್ರಿ ಇದೆ ಅಂದುಕೊಳ್ಳೋಣ. ಅದರ ಮೇಲಿನ ರೋಹ್ತಾಂಗ್ ಘಾಟಿ 3,978 ಮೀಟರ್. ಎರಡರ ನಡುವೆ ಹೆಚ್ಚುಕಡಿಮೆ 1,900 ಮೀಟರ್, ಅಂದರೆ 11ರಿಂದ 12 ಡಿಗ್ರಿ ವ್ಯತ್ಯಾಸ. ರೋಹ್ತಾಂಗ್‌ನಲ್ಲಿ ಮೈನಸ್ 3 ಅಥವಾ 4. ಮನಾಲಿಯಲ್ಲಿ ಕೊಡೆ ಹಿಡಿದು ಚಹಾ ಕುಡಿಯುತ್ತಿರುವಾಗ ಮೇಲೆ ಹಿಮ ಸುರಿಯುತ್ತಿರುತ್ತದೆ.

ಸೊನ್ನೆ ಡಿಗ್ರಿ ಬರುವ ಎತ್ತರಕ್ಕೆ "ಫ್ರೀಜಿಂಗ್ ಲೆವೆಲ್" ಅನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ ಅದು ಸುಮಾರು 3,400 ಮೀಟರ್. ಆದರೆ ಹಿಮ ಸೊನ್ನೆಗೆ ಬಂದ ಕೂಡಲೇ ಕರಗಿಹೋಗುವುದಿಲ್ಲ, ಇನ್ನೂ 300 ಮೀಟರಿನಷ್ಟು ಕೆಳಗೆ ಹಿಮವಾಗಿಯೇ ಇಳಿಯುತ್ತದೆ. ಅಂದರೆ 3,100 ಮೀಟರ್‌ವರೆಗೆ. ಇದೇ ಹಿಮದ ಗೆರೆ. ಅಟಲ್ ಸುರಂಗದ ದಕ್ಷಿಣದ ಬಾಯಿ 3,060 ಮೀಟರಿನಲ್ಲಿದೆ, ಉತ್ತರದ ಬಾಯಿ 3,071ರಲ್ಲಿ. ನಡುವೆ 9.02 ಕಿಲೋಮೀಟರ್ ಬೆಚ್ಚಗಿನ, ಒಣಗಿದ ರಸ್ತೆ. ನೀವು ಮಳೆಯಲ್ಲಿ ಒಳಗೆ ಹೋಗಿ ಹಿಮದಲ್ಲಿ ಹೊರಗೆ ಬರಬಹುದು, ಅದೂ 60ರ ವೇಗದಲ್ಲಿ. ಸುರಂಗದ ಕೊನೆಯ ಒಂದು ಕಿಲೋಮೀಟರಿನಲ್ಲಿ ವೇಗ ಇಳಿಸಿ ಅಂತ ಹೇಳುವುದು ಇದಕ್ಕೇ.

ಕೇದಾರನಾಥಕ್ಕೂ ಇದೇ ಲೆಕ್ಕ. ನಡಿಗೆ ಶುರುವಾಗುವ ಗೌರಿಕುಂಡ 2,000 ಮೀಟರಿನ ಆಸುಪಾಸು, ದೇವಸ್ಥಾನ 3,583 ಮೀಟರ್. ಕೆಳಗೆ 10 ಡಿಗ್ರಿಯಲ್ಲಿ ಮಳೆಯಾದರೆ ಮೇಲೆ ಸೊನ್ನೆಯ ಹತ್ತಿರ, ಹಿಮ. ಇದೇ ಕೆಟ್ಟ ಜೋಡಿ. ಅರ್ಧ ದಾರಿ ಮಳೆಯಲ್ಲಿ ನೆನೆಯುತ್ತಾ ಹತ್ತುತ್ತೀರಿ, ಉಳಿದರ್ಧ ಅದೇ ಒದ್ದೆ ಬಟ್ಟೆಯಲ್ಲಿ ಹಿಮದೊಳಗೆ. 2023ರಲ್ಲಿ ಏಪ್ರಿಲ್ 25ಕ್ಕೆ ಬಾಗಿಲು ತೆರೆದಾಗ ಹಿಮ, ಮಳೆ ಜೋರಾಗಿ, ಹೊಸ ನೋಂದಣಿಯನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು.

ಲೆಕ್ಕಕ್ಕೆ ಎರಡು ತಿದ್ದುಪಡಿ ಸೇರಿಸಿ. ಒಂದು, ಮಳೆ ಜೋರಾಗಿ ಗಂಟೆಗಟ್ಟಲೆ ಸುರಿದರೆ ಹಿಮದ ಗೆರೆ ಇನ್ನೂ ಕೆಳಗಿಳಿಯುತ್ತದೆ, ಯಾಕೆಂದರೆ ಕರಗುವ ಹಿಮ ಸುತ್ತಲಿನ ಗಾಳಿಯ ಶಾಖ ಹೀರಿಕೊಳ್ಳುತ್ತದೆ. "ಇಲ್ಲಿ ಮಳೆ ತಾನೇ" ಅಂತ ಸಂಜೆ ಮಲಗಿದ ಊರು ಬೆಳಗ್ಗೆ ಬೆಳ್ಳಗಿರುತ್ತದೆ. ಎರಡು, ಗಾಳಿ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 7ರ ಹಾಗೆ.

ಪ್ರವಾಸದ ಪಟ್ಟಿಯಲ್ಲಿ ಪ್ರತಿ ದಿನದ ಪಕ್ಕ ಮೂರು ಸಂಖ್ಯೆ ಬರೆದಿಡಿ: ಅವತ್ತು ಏರುವ ಅತಿ ಹೆಚ್ಚು ಎತ್ತರ, ರಾತ್ರಿ ಮಲಗುವ ಎತ್ತರ, ಆ ದಿನದ ಹಿಮದ ಗೆರೆ. ಮೂರನೆಯದು ಮೊದಲನೆಯದಕ್ಕಿಂತ ಕೆಳಗಿದ್ದರೆ ಅವತ್ತು ನಿಮಗೆ ಹಿಮ ಗ್ಯಾರಂಟಿ. ಎರಡನೆಯದಕ್ಕಿಂತಲೂ ಕೆಳಗಿದ್ದರೆ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಇದೆ.

ಹಂತ 4: ತೀರ್ಮಾನ ಮನೆಯಲ್ಲೇ ಮಾಡಿ, ಬೆಟ್ಟದಲ್ಲಲ್ಲ

ಮೇಲೆ ಹೋದಮೇಲೆ ತೀರ್ಮಾನ ಮಾಡೋಣ ಅನ್ನುವುದು ಕೇಳೋಕೆ ಚೆಂದ. ಆದರೆ ಅಲ್ಲಿ ಹಣ ಖರ್ಚಾಗಿರುತ್ತದೆ, ಸುಸ್ತಾಗಿರುತ್ತದೆ, ಜೊತೆಯವರು "ಇನ್ನೇನು ಎರಡೇ ಕಿಲೋಮೀಟರ್" ಅನ್ನುತ್ತಿರುತ್ತಾರೆ. ತಲೆ ತಣ್ಣಗಿರುವಾಗಲೇ ನಿಯಮ ಬರೆದುಕೊಳ್ಳಿ. ನಾನು ಪಾಲಿಸುವ ನಿಯಮಗಳು ಇವು:

ಚಾರಣದಲ್ಲಿ 3,500 ಮೀಟರಿಗಿಂತ ಮೇಲೆ ಹೋಗುವ ದಿನಕ್ಕೆ ಕಿತ್ತಳೆ ಇದ್ದರೆ ಅವತ್ತು ಮೇಲಕ್ಕೆ ಹೋಗುವುದಿಲ್ಲ. ಕ್ಯಾಂಪಿನಲ್ಲೇ ಇರುತ್ತೇನೆ, ಇಲ್ಲ ಕೆಳಗಿಳಿಯುತ್ತೇನೆ. ಹಳದಿ ಇದ್ದರೆ ಬೆಳಗ್ಗೆ ಬೇಗ ಹೊರಟು, ಮಧ್ಯಾಹ್ನ 12ರ ಒಳಗೆ ಎಲ್ಲಿದ್ದರೂ ತಿರುಗುತ್ತೇನೆ. ಕೆಂಪು ಇದ್ದರೆ ಮಾತೇ ಇಲ್ಲ.

ರಸ್ತೆ ಪ್ರಯಾಣವಾದರೆ ಸ್ವಲ್ಪ ಸಡಿಲ. ಕಿತ್ತಳೆ ಇದ್ದರೂ ಹಿಮದ ಗೆರೆಗಿಂತ ಕೆಳಗಿನ ಊರಿನಲ್ಲಿ ಆರಾಮಾಗಿ ಇರಬಹುದು. ಘಾಟಿ ಮಾತ್ರ ದಾಟಬೇಡಿ. ಹೆಸರಿನ ಕೊನೆಗೆ "ಲಾ" ಇದೆಯಾ ನೋಡಿ. ಲಡಾಖಿ, ಟಿಬೆಟನ್ ಭಾಷೆಯಲ್ಲಿ ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ. ಜೋಜಿ ಲಾ, ಬಾರಾಲಾಚಾ ಲಾ, ನಾಥು ಲಾ, ಎಲ್ಲವೂ ಹಿಮ ಮೊದಲು ಕಟ್ಟಿಕೊಳ್ಳುವ ಜಾಗಗಳೇ.

ಚಿಕ್ಕ ಮಕ್ಕಳು, ವಯಸ್ಸಾದವರು, ಹೃದಯ ಅಥವಾ ಉಬ್ಬಸದ ತೊಂದರೆ ಇರುವವರು ಜೊತೆಗಿದ್ದರೆ ಒಂದು ಬಣ್ಣ ಮೇಲಕ್ಕೆ ಹಾಕಿ ಓದಿ. ಹಳದಿಯನ್ನು ಕಿತ್ತಳೆ ಅಂತ. "ಅಮ್ಮ ಎಷ್ಟು ವರ್ಷದಿಂದ ಆಸೆ ಪಟ್ಟಿದ್ದಾರೆ" ಅನ್ನುವ ಮಾತು ನನಗೂ ಅರ್ಥವಾಗುತ್ತದೆ. ಯಾತ್ರೆ ಅಕ್ಟೋಬರಿನಲ್ಲೂ ಇರುತ್ತದೆ ಅಂತ ಅಮ್ಮನಿಗೆ ಕೂತು ಹೇಳಿ, ಒಪ್ಪುತ್ತಾರೆ.

ಇನ್ನು ಹೆಚ್ಚುವರಿ ದಿನದ ವಿಷಯ. ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ಇಟ್ಟುಕೊಳ್ಳಬೇಕು ಅಂತ ಹೇಳುವವರು ಕಡಿಮೆ. ಘಾಟಿಯ ಆ ಕಡೆ, ತಿರುಗಾಡೋಕೆ ಅಂತ ಇಟ್ಟ ದಿನ ಉಪಯೋಗಕ್ಕೆ ಬರುವುದಿಲ್ಲ, ಹಿಮ ಬಿದ್ದರೆ ಅಲ್ಲೇ ಬಂದಿ. ಘಾಟಿ ದಾಟಿ ವಾಪಸ್ ಬಂದಮೇಲೆ, ವಿಮಾನಕ್ಕೆ ಮೊದಲು, ಎರಡು ದಿನ ಖಾಲಿ ಇರಲಿ. ಏನೂ ಆಗದಿದ್ದರೆ ಕೆಳಗಿನ ಊರಿನಲ್ಲಿ ಸುಮ್ನೆ ಓಡಾಡಿ. ಬುಕ್ ಮಾಡುವಾಗಲೇ ದಿನಾಂಕ ಬದಲಿಸಲು ಎಷ್ಟು ಕೊಡಬೇಕು, ರದ್ದಾದರೆ ಎಷ್ಟು ವಾಪಸ್ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಫೋನಿನಲ್ಲಿ "ಅದೆಲ್ಲ ನೋಡ್ಕೋಳ್ಳೋಣ ಸಾರ್" ಅಂದದ್ದು ಲೆಕ್ಕಕ್ಕಿಲ್ಲ.

ಹಂತ 5: ಚೀಲ ಬದಲಿಸಿ

ಬೇಸಿಗೆ ಅಂತ ತುಂಬಿದ ಚೀಲವನ್ನು ಪೂರ್ತಿ ಖಾಲಿ ಮಾಡಿ. ಮೊದಲು ಹತ್ತಿ ಬಟ್ಟೆ ಹೊರಗಿಡಿ. ಜೀನ್ಸ್, ಕಾಟನ್ ಟೀ ಶರ್ಟ್, ಕಾಟನ್ ಕಾಲುಚೀಲ, ಎಲ್ಲ. ಹತ್ತಿ ನೀರು ಹೀರಿದರೆ ಬಿಡುವುದೇ ಇಲ್ಲ, ಮೈಗೆ ಅಂಟಿಕೊಂಡು ಶಾಖ ಎಳೆಯುತ್ತಲೇ ಇರುತ್ತದೆ. ನೆನೆದ ಜೀನ್ಸ್ ಮೇಲೆ ಎಂಥಾ ಜಾಕೆಟ್ ಹಾಕಿದರೂ ಪ್ರಯೋಜನವಿಲ್ಲ.

ಬದಲಿಗೆ ಮೂರು ಪದರ. ಮೈಗೆ ತಾಗುವುದು ಉಣ್ಣೆಯದ್ದೋ ಪಾಲಿಯೆಸ್ಟರ್‌ನದ್ದೋ ತೆಳು ಒಳ ಅಂಗಿ. ಮಧ್ಯೆ ಫ್ಲೀಸ್ ಅಥವಾ ಸ್ವೆಟರ್. ಹೊರಗೆ ನೀರು, ಗಾಳಿ ಎರಡೂ ತಡೆಯುವ ಟೊಪ್ಪಿಗೆ ಇರುವ ಕೋಟು, ಅದೇ ಥರದ ಪ್ಯಾಂಟು. ದಪ್ಪ ಪುಕ್ಕದ ಜಾಕೆಟ್ ಒದ್ದೆ ಹಿಮದಲ್ಲಿ ನೆನೆದರೆ ಮುದ್ದೆಯಾಗುತ್ತದೆ, ಅದನ್ನು ಕ್ಯಾಂಪಿಗೆ, ಕೋಣೆಗೆ ಇಟ್ಟುಕೊಳ್ಳಿ.

ಕೈಗವಸು ಎರಡು ಜೊತೆ, ಕಾಲುಚೀಲ ಮೂರು ಜೊತೆ. ಒಂದು ಜೊತೆ ಕಾಲುಚೀಲ, ಒಂದು ಒಳ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತೆಗೆದು ಗಂಟು ಕಟ್ಟಿ ಚೀಲದ ತಳಕ್ಕೆ ಹಾಕಿ. ಎಷ್ಟೇ ಆಸೆಯಾದರೂ ನಡೆಯುವಾಗ ಅದನ್ನು ಮುಟ್ಟಬೇಡಿ. ಅದು ರಾತ್ರಿ ಮಲಗೋಕೆ. ಚೀಲದ ಮೇಲೆ ಹೊದಿಸುವ ರೈನ್ ಕವರ್ ಮಾತ್ರ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಒಳಗೆ ಹೋಗುತ್ತದೆ. ಚೀಲದ ಒಳಗೇ ಒಂದು ದೊಡ್ಡ ಕಸದ ಕವರ್ ಹಾಕಿ ಅದರೊಳಗೆ ಸಾಮಾನು ತುಂಬಿಸಿ.

ಉಳಿದದ್ದು: ಕಪ್ಪು ಕನ್ನಡಕ, ಸನ್‌ಸ್ಕ್ರೀನ್, ತಲೆಗೆ ಕಟ್ಟುವ ಟಾರ್ಚ್, ಸಿಳ್ಳೆ, ಬೆಂಕಿಪೊಟ್ಟಣ, ಎರಡು ದಿನಕ್ಕಾಗುವ ಕಡಲೆ, ಬೆಲ್ಲ, ಖರ್ಜೂರ, ಒಂದು ಥರ್ಮಾಸ್. ಪವರ್ ಬ್ಯಾಂಕ್ ಮತ್ತು ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಸಿಮ್ ವಿಷಯದಲ್ಲಿ ತುಂಬಾ ಜನ ಪೇಚಿಗೆ ಸಿಲುಕುತ್ತಾರೆ. ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹಾಗಂತ ಸ್ಯಾಟಲೈಟ್ ಫೋನ್ ಅಥವಾ ಸ್ಯಾಟಲೈಟ್ ಮೂಲಕ ಸಂದೇಶ ಕಳಿಸುವ ಸಾಧನ ತೆಗೆದುಕೊಂಡು ಹೋಗಬೇಡಿ. ಅನುಮತಿ ಇಲ್ಲದೆ ಅವನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ.

ಹಂತ 6: ರಸ್ತೆಯಲ್ಲಿ

ಹೊರಡುವ ದಿನ ಬೆಳಗ್ಗೆ ಆ ಜಿಲ್ಲೆಯ ಪೊಲೀಸರ ಅಧಿಕೃತ ಖಾತೆಯಲ್ಲಿ ರಸ್ತೆ ಸ್ಥಿತಿ ನೋಡಿ. ಎತ್ತರದ ಗಡಿ ರಸ್ತೆಗಳ ಹಿಮ ತೆಗೆಯುವುದು ಗಡಿ ರಸ್ತೆಗಳ ಸಂಸ್ಥೆ, ಅಂದರೆ ಬಿಆರ್‌ಒ. ಅವರು ಮುಚ್ಚಿದೆ ಅಂದರೆ ಮುಚ್ಚಿದೆ. ಗೂಗಲ್ ಮ್ಯಾಪ್ ನೀಲಿ ಗೆರೆ ತೋರಿಸುತ್ತಿದ್ದರೂ ಅಷ್ಟೇ.

ಹಿಮದಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಸ್ಟೀರಿಂಗ್ ಹಿಡಿಯಲೇಬೇಡಿ, ಸ್ಥಳೀಯ ಡ್ರೈವರ್ ಗೊತ್ತು ಮಾಡಿ. ಆತ "ಆಜ್ ನಹೀ ಜಾಯೇಂಗೆ" ಅಂದರೆ ವಾದ ಮಾಡಬೇಡಿ. ನೀವೇ ಓಡಿಸಲೇಬೇಕಾಗಿ ಬಂದರೆ ಚಿಕ್ಕ ಗೇರ್, ಮೆಲ್ಲಗಿನ ಆಕ್ಸಿಲರೇಟರ್, ಮುಂದಿನ ಗಾಡಿಗೆ ತುಂಬಾ ಅಂತರ. ಬ್ರೇಕ್ ಒಮ್ಮೆಲೇ ಒತ್ತಬೇಡಿ.

ಬಿಳಿ ಹಿಮಕ್ಕಿಂತ ಹೆದರಬೇಕಾದ್ದು ಕಾಣದ ಮಂಜುಗಡ್ಡೆಗೆ. "ಬ್ಲ್ಯಾಕ್ ಐಸ್" ಅನ್ನುತ್ತಾರೆ. ಹಗಲು ಕರಗಿದ ನೀರು ಸಂಜೆ ರಸ್ತೆ ಮೇಲೆ ತೆಳುವಾಗಿ ಗಟ್ಟಿಯಾಗುತ್ತದೆ, ಪಾರದರ್ಶಕ, ಕೆಳಗಿನ ಡಾಂಬರಿನ ಕಪ್ಪೇ ಕಾಣುತ್ತದೆ. ಗುರುತಿಸುವುದು ಹೀಗೆ: ಒದ್ದೆ ರಸ್ತೆಯಲ್ಲಿ ಮುಂದಿನ ಗಾಡಿಯ ಚಕ್ರದಿಂದ ನೀರು ಹಾರುತ್ತದೆ. ರಸ್ತೆ ಒದ್ದೆಯಾಗಿ ಹೊಳೆಯುತ್ತಿದ್ದೂ ಚಕ್ರದಿಂದ ನೀರು ಹಾರುತ್ತಿಲ್ಲ ಅಂದರೆ ಅದು ನೀರಲ್ಲ. ಬಿಸಿಲು ಬೀಳದ ತಿರುವು, ಸೇತುವೆ, ಝರಿ ಹರಿಯುವ ಜಾಗಗಳಲ್ಲಿ ಇದು ಜಾಸ್ತಿ.

ಹಂತ 7: ಸಿಕ್ಕಿಬಿದ್ದರೆ

ಕಾರಿನಲ್ಲಿ ಸಿಕ್ಕಿಬಿದ್ದರೆ ಕಾರಿನಲ್ಲೇ ಇರಿ. ಇಳಿದು ನಡೆದು ಊರು ಹುಡುಕಲು ಹೋದವರು ದಾರಿ ತಪ್ಪುತ್ತಾರೆ. ಆದರೆ ಎಂಜಿನ್ ಹಾಕಿ, ಗಾಜು ಏರಿಸಿ, ಹೀಟರ್ ಬಿಟ್ಟು ಮಲಗಬೇಡಿ. ಹಿಮ ಹೊಗೆ ಕೊಳವೆಯನ್ನು ಮುಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಅದು ಬಣ್ಣ, ವಾಸನೆ ಎರಡೂ ಇಲ್ಲದ ವಿಷಗಾಳಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರಿ ಗಿರಿಧಾಮದ ರಸ್ತೆಯಲ್ಲಿ ಹಿಮದಲ್ಲಿ ಸಿಕ್ಕಿಕೊಂಡ ಗಾಡಿಗಳೊಳಗೆ 20ಕ್ಕೂ ಹೆಚ್ಚು ಪ್ರವಾಸಿಗರು ಸತ್ತರು. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಹಾಕಿ, ಪ್ರತಿ ಸಲ ಮೊದಲು ಇಳಿದು ಕೊಳವೆ ಸುತ್ತ ಹಿಮ ತೆಗೆಯಿರಿ, ಒಂದು ಗಾಜು ಬೆರಳಷ್ಟು ತೆರೆದಿರಲಿ.

ಕೋಣೆಯಲ್ಲೂ ಇದೇ ಅಪಾಯ. ಕರೆಂಟ್ ಹೋದಾಗ ಅಂಗೀಠಿ, ಅಂದರೆ ಇದ್ದಿಲಿನ ಅಗ್ಗಿಷ್ಟಿಕೆ ತಂದಿಡುತ್ತಾರೆ. ಮಲಗುವ ಮೊದಲು ಅದನ್ನು ಹೊರಗೆ ಇಡಿಸಿ. ಕೆಂಡ ಆರಿದ ಹಾಗೆ ಕಂಡರೂ ಸರಿ, ಹೊರಗೇ ಇಡಿಸಿ.

ಚಾರಣದ ದಾರಿಯಲ್ಲಿ ಸಿಕ್ಕರೆ ಮೊದಲ ಕೆಲಸ ಒಟ್ಟಿಗೆ ಇರುವುದು. ಬೇಗ ನಡೆಯುವವರು ಮುಂದೆ ಹೋಗುವುದು, ನಿಧಾನದವರು ಹಿಂದೆ ಉಳಿಯುವುದು ಬೇಡವೇ ಬೇಡ. ದಾರಿ ಸ್ಪಷ್ಟವಾಗಿ ಕಾಣುತ್ತಿದ್ದರೆ ಬಂದ ದಾರಿಯಲ್ಲೇ ಕೆಳಗಿಳಿಯಿರಿ, 300 ಮೀಟರ್ ಇಳಿದರೂ ಎರಡು ಡಿಗ್ರಿ ಸಿಗುತ್ತದೆ. ದಾರಿ ಕಾಣದಿದ್ದರೆ ನಿಲ್ಲಿ. ದಿಣ್ಣೆಯ ನೆತ್ತಿ ಬಿಟ್ಟು ಗಾಳಿ ತಪ್ಪುವ ಬಂಡೆಯ ಮರೆ ಹುಡುಕಿ. ಬೇಸಿಗೆ ಹಿಮದ ಜೊತೆ ಗುಡುಗು, ಮಿಂಚೂ ಬರುತ್ತವೆ. ಚೀಲದ ಮೇಲೆ ಕೂರಿ, ನೆಲದ ಮೇಲಲ್ಲ. ಇನ್ನೂ ಚಳಿಯಾಗುವ ಮೊದಲೇ ಒಣ ಪದರ ಹಾಕಿಕೊಳ್ಳಿ, ಏನಾದರೂ ಸಿಹಿ ತಿನ್ನಿ. ಟೆಂಟ್ ಇದ್ದರೆ ಗಂಟೆಗೊಮ್ಮೆ ಒಳಗಿನಿಂದ ತಟ್ಟಿ ಹಿಮ ಉದುರಿಸಿ, ಗಾಳಿಕಿಂಡಿ ಮುಚ್ಚಬೇಡಿ, ಒಳಗೆ ಸ್ಟವ್ ಹಚ್ಚಬೇಡಿ.

ಜೊತೆಯವರನ್ನು ಗಮನಿಸುತ್ತಿರಿ. ಮೈಯ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿಯುವುದಕ್ಕೆ ಹೈಪೋಥರ್ಮಿಯಾ ಅನ್ನುತ್ತಾರೆ. ಅದು ಬಂದವರಿಗೆ ಬಂದಿದೆ ಅಂತ ಗೊತ್ತಾಗುವುದಿಲ್ಲ, ಪಕ್ಕದವರಿಗೇ ಗೊತ್ತಾಗಬೇಕು. ಒಂದು ಸುಲಭ ಪರೀಕ್ಷೆ ಇದೆ. ಕೈಗವಸು ತೆಗೆಸಿ, ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳು ಮುಟ್ಟಲು ಹೇಳಿ. ಬೆರಳು ನಡುಗುತ್ತಾ ನಡುಗುತ್ತಾ ಹತ್ತಿರ ಬಂದು ಸೇರದೇ ಹೋದರೆ ಕೆಲಸ ಶುರು ಮಾಡಿ. ಜಿಪ್ ಹಾಕೋಕೆ ಆಗದಿರುವುದು, ಮಾತು ತೊದಲುವುದು, ಎಡವುವುದು, ಕೇಳಿದ್ದಕ್ಕೆ ಸಿಡುಕುವುದು ಇವೂ ಗುರುತುಗಳೇ. ಜೋರಾಗಿ ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದು ನಿಲ್ಲಿಸಿದರೆ ಅದು ಸುಧಾರಣೆ ಅಲ್ಲ, ಪರಿಸ್ಥಿತಿ ಕೈಮೀರುತ್ತಿದೆ.

ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಹಾಕಿ. ಆ ಗಂಟು ಕಟ್ಟಿದ ಕವರ್ ತೆರೆಯುವ ಹೊತ್ತು ಇದೇ. ಸ್ಲೀಪಿಂಗ್ ಬ್ಯಾಗಿನಲ್ಲಿ ಮಲಗಿಸಿ, ಕೆಳಗೆ ಏನಾದರೂ ದಪ್ಪಗೆ ಹಾಸಿ. ಮೊದಲು ಎದೆ, ಕುತ್ತಿಗೆ, ಕಂಕುಳು ಬೆಚ್ಚಗಾಗಲಿ, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ. ಎಚ್ಚರವಿದ್ದು ನುಂಗಲು ಬಂದರೆ ಸಿಹಿ ಬೆರೆಸಿದ ಬಿಸಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ. ಬ್ರಾಂಡಿ, ರಮ್ ಕೊಡಲೇಬೇಡಿ, ಬೆಚ್ಚಗಾದ ಹಾಗೆ ಅನ್ನಿಸಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ಹಿಮಕ್ಕೆ ಬೆರಳು ಬೆಳ್ಳಗೆ ಮರಗಟ್ಟಿದ್ದರೂ ಉಜ್ಜುವುದು ಬೇಡ.

ಸಹಾಯಕ್ಕೆ 112. ಜಿಲ್ಲಾ ತುರ್ತು ಕೇಂದ್ರಕ್ಕೆ 1077, ರಾಜ್ಯದ ಕೇಂದ್ರಕ್ಕೆ 1070. ಸಿಗ್ನಲ್ ಕಡಿಮೆ ಇದ್ದಾಗ ಕರೆಗಿಂತ ಎಸ್ಎಂಎಸ್ ಹೋಗುವ ಸಾಧ್ಯತೆ ಜಾಸ್ತಿ. ಎಲ್ಲಿದ್ದೀರಿ, ಎಷ್ಟು ಜನ, ಯಾರಿಗೆ ಏನಾಗಿದೆ, ಇಷ್ಟನ್ನು ಮನೆಯವರಿಗೆ ಕಳಿಸಿ, ಅವರು ಅಲ್ಲಿಂದ ಫೋನ್ ಮಾಡಲಿ.

ಹಂತ 8: ಮರುದಿನದ ನೀಲಿ ಆಕಾಶ

ಬಿರುಗಾಳಿ ಹೋದ ಮರುದಿನ ಬೆಳಗ್ಗೆ ಆಕಾಶ ತೊಳೆದ ಹಾಗಿರುತ್ತದೆ. ಎಲ್ಲರಿಗೂ ಹೊರಡುವ ಉತ್ಸಾಹ. ನಾನು ಅತಿ ಹೆಚ್ಚು ಎಚ್ಚರಿಸುವುದು ಈ ದಿನದ ಬಗ್ಗೆಯೇ.

ಹೊಸ ಹಿಮ ಹಳೆಯ ಹಿಮಕ್ಕೆ ಇನ್ನೂ ಅಂಟಿಕೊಂಡಿರುವುದಿಲ್ಲ. ಮೇಲೆ ಮೇ ತಿಂಗಳ ಬಿಸಿಲು ಬಿದ್ದು, ಕರಗಿದ ನೀರು ಒಳಗೆ ಇಳಿದು, ಇಡೀ ಪದರ ಜಾರುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅದೂ ಹಿಮ ಬಿದ್ದ ಒಂದೆರಡು ದಿನದ ಒಳಗೆ. ನೀವು ನಿಂತ ಜಾಗ ಸಮತಟ್ಟಾಗಿದ್ದರೆ ಸಾಲದು, ತಲೆಯ ಮೇಲಿನ ಇಳಿಜಾರು ನೋಡಿ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯ ಪಕ್ಕದಲ್ಲಿ ಹಿಮ ಕುಸಿದು 7 ಪ್ರವಾಸಿಗರು ಸತ್ತದ್ದು ಬೇಸಿಗೆ ಪ್ರವಾಸ ಶುರುವಾಗಿದ್ದ ಹೊತ್ತಿನಲ್ಲೇ. ಚಂಡೀಗಢದಲ್ಲಿರುವ ಡಿಜಿಆರ್‌ಇ ಅನ್ನುವ ರಕ್ಷಣಾ ಸಂಶೋಧನಾ ಕೇಂದ್ರ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ, ಸುದ್ದಿಗಳಲ್ಲಿ ಅದನ್ನು ಹುಡುಕಿ ಓದಿ.

ಹಿಮದ ಇಳಿಜಾರು ದಾಟಲೇಬೇಕಿದ್ದರೆ ಸೂರ್ಯ ಅದರ ಮೇಲೆ ಬೀಳುವ ಮೊದಲು ದಾಟಿ. ಕಾಲು ಇಟ್ಟಾಗ ಕರಕರ ಅನ್ನುತ್ತಿದ್ದರೆ ಇನ್ನೂ ಗಟ್ಟಿ ಇದೆ. ಪಾದ ಹೂತು ಹೋಗುತ್ತಿದ್ದರೆ, ಪಕ್ಕದಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳಿ ಬರುತ್ತಿದ್ದರೆ ವಾಪಸ್ ಬನ್ನಿ. ಝರಿಗಳೂ ಮಧ್ಯಾಹ್ನಕ್ಕೆ ಏರುತ್ತವೆ, ಬೆಳಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸಂಜೆಗೆ ಮೊಣಕಾಲಿಗೆ ಬಂದಿರಬಹುದು.

ರಸ್ತೆ ತೆರೆದ ಮೊದಲ ದಿನ ಒಂದೇ ಕಡೆಯ ಗಾಡಿಗಳನ್ನು ಸರದಿಯಲ್ಲಿ ಬಿಡುತ್ತಾರೆ. ಹಿಮದ ಗೋಡೆಗಳ ನಡುವೆ, ಮೇಲಿನ ಇಳಿಜಾರಿನ ಕೆಳಗೆ, ಗಂಟೆಗಟ್ಟಲೆ ನಿಂತಿರಬೇಕಾಗುತ್ತದೆ. ಆ ಸಾಲಿಗೆ ಸೇರಬೇಡಿ, ಎರಡನೇ ದಿನ ಹೋಗಿ. ಖಾಲಿ ಇಟ್ಟುಕೊಂಡ ಎರಡು ದಿನ ಇಲ್ಲಿಗೇ ಬಂತು.

ಕೊನೆಗೆ ಕಣ್ಣು. ಹೊಸ ಹಿಮ ಬಿಸಿಲಿನ ಶೇಕಡಾ 80ಕ್ಕಿಂತ ಜಾಸ್ತಿ ವಾಪಸ್ ಎಸೆಯುತ್ತದೆ. ಬರಿಗಣ್ಣಲ್ಲಿ ಕೆಲವು ಗಂಟೆ ನಡೆದರೆ ಆಗ ಏನೂ ಗೊತ್ತಾಗುವುದಿಲ್ಲ, ರಾತ್ರಿ ಕಣ್ಣಿಗೆ ಮರಳು ಹಾಕಿದ ಹಾಗೆ ಉರಿ ಶುರುವಾಗುತ್ತದೆ. ಮೋಡ ಇದ್ದರೂ ಕನ್ನಡಕ ತೆಗೆಯಬೇಡಿ, ಮಕ್ಕಳಿಗೂ ಹಾಕಿಸಿ. ಸನ್‌ಸ್ಕ್ರೀನ್ ಮೂಗಿನ ಕೆಳಗೆ, ಗಲ್ಲದ ಅಡಿಗೂ ಹಚ್ಚಿ, ಬಿಸಿಲು ನೆಲದಿಂದಲೂ ಬರುತ್ತಿರುತ್ತದೆ. ಕನ್ನಡಕ ಚೀಲದ ತಳದಲ್ಲಿ ಬೇಡ, ಕೋಟಿನ ಮೇಲ್ಜೇಬಿನಲ್ಲಿರಲಿ.